ದನದ ದಾರಿಗೆ ಹೊರಟ ಪ್ಲಂಬರ್ ವ್ಯಾನು

ನವೆಂಬರ್

ವ್ಯಾನು ಮನೆ ಮುಂದೆ ಬಂದು ನಿಂತಿದೆ. 2017ರ ಡೀಸೆಲ್ ಗಾಡಿ. ಐದು ಮೀಟರ್‌ಗಿಂತ ಸ್ವಲ್ಪ ಉದ್ದ. ಒಳಗೆ ನೆಟ್ಟಗೆ ನಿಲ್ಲೋಕೆ ಆಗಲ್ಲ, ತಲೆ ಬಗ್ಗಿಸಲೇಬೇಕು. ಹಿಂದಿನ ಮಾಲೀಕ ಪ್ಲಂಬರ್. ನೆಲದ ಹಲಗೆ ಎಬ್ಬಿಸಿದಾಗ ತಾಮ್ರದ ಪೈಪಿನ ತುಂಡುಗಳು, ಒಂದು ಹಿಡಿ ವಾಷರ್, ಒಣಗಿ ಕಲ್ಲಾದ ಅರ್ಧ ಸ್ಯಾಂಡ್‌ವಿಚ್ ಸಿಕ್ಕವು. ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು. "ಇದರಲ್ಲಿ ಮಲಗಬೇಕಾ?" ಅಂದಳು. "ಈಗಲೇ ಅಲ್ಲ, ಮೇ ತಿಂಗಳಿಗೆ" ಅಂದೆ. ಅವಳು ಏನೂ ಹೇಳದೆ ಒಳಗೆ ಹೋದಳು.

ನಾವಿರುವುದು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ. ಊರು ತಿಪಟೂರು ಕಡೆ. ಮೇ ಕೊನೆಗೆ ಸ್ಕಾಟ್ಲೆಂಡಿನ ಉತ್ತರದ ಅಂಚು ಸುತ್ತಿ ಬರಬೇಕು ಅನ್ನುವುದು ಲೆಕ್ಕ. ನಾರ್ತ್ ಕೋಸ್ಟ್ 500 ಅಂತ 2015ರಲ್ಲಿ ಹೆಸರಿಟ್ಟ ದಾರಿ ಅದು. ಇನ್ವರ್ನೆಸ್ ಕೋಟೆಯಿಂದ ಹೊರಟು ಮತ್ತೆ ಅಲ್ಲಿಗೇ ಬಂದು ಸೇರುತ್ತದೆ. 516 ಮೈಲಿ, ಅಂದರೆ ಸುಮಾರು 830 ಕಿ.ಮೀ. ನಮ್ಮ ಮನೆಯಿಂದ ಇನ್ವರ್ನೆಸ್‌ಗೇ ಸುಮಾರು 440 ಕಿ.ಮೀ. ಇದೆ.

ಗಾಡಿಗೆ ಸ್ಕ್ರೂಡ್ರೈವರ್ ಹಾಕುವ ಮೊದಲು ಎರಡು ವಾರ ಬರೀ ನಕ್ಷೆ ನೋಡಿದೆವು. ವ್ಯಾನ್ ಕಟ್ಟುವ ವಿಡಿಯೋಗಳಲ್ಲಿ ಎಲ್ಲರೂ ಅಡುಗೆ ಕಟ್ಟೆಗೆ ಯಾವ ಮರ ಅನ್ನುವುದರಿಂದ ಶುರು ಮಾಡುತ್ತಾರೆ. ನನಗೆ ಅದು ಉಲ್ಟಾ ಅನ್ನಿಸಿತು. ದಾರಿ ಏನು ಕೇಳುತ್ತದೋ ಅದನ್ನು ಮಾಡಿಕೊಂಡರೆ ಸಾಕು.

ಈ ದಾರಿ ಮೊದಲು ಕೇಳುವುದು ಬ್ರೇಕು. ಪಶ್ಚಿಮ ಕರಾವಳಿಯಲ್ಲಿ ಆಪಲ್‌ಕ್ರಾಸ್ ಅನ್ನುವ ಸಣ್ಣ ಹಳ್ಳಿಗೆ ಹೋಗಲು ಬ್ಯಾಲಖ್ ನ ಬಾ ಅನ್ನುವ ಘಟ್ಟ ಹತ್ತಬೇಕು. ಗೇಲಿಕ್ ಭಾಷೆಯಲ್ಲಿ ಆ ಹೆಸರಿಗೆ ದನಗಳ ಕಣಿವೆ ಅಂತ ಅರ್ಥ. ಹಿಂದೆ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಸಮುದ್ರದ ಮಟ್ಟದಿಂದ ಒಂದೇ ಸಮನೆ 626 ಮೀಟರ್ ಏರುತ್ತದೆ. ಕೆಲವು ಕಡೆ ಐದು ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಚಾರ್ಮಾಡಿ ಕಂಡವರಿಗೆ ತಿರುವು ಹೊಸದಲ್ಲ, ನಿಜ. ಆದರೆ ಚಾರ್ಮಾಡಿಯಲ್ಲಿ ಎದುರಿಗೆ ಬಸ್ಸು ಬಂದರೂ ಹೇಗೋ ನುಸುಳಬಹುದು. ಇಲ್ಲಿ ರಸ್ತೆ ಇರುವುದೇ ಒಂದು ಗಾಡಿ ಅಗಲ. ಬುಡದಲ್ಲೇ ಬೋರ್ಡು ಹಾಕಿದ್ದಾರೆ. ಡ್ರೈವಿಂಗ್ ಕಲಿಯುವವರು, ತುಂಬಾ ದೊಡ್ಡ ಗಾಡಿಗಳು, ಕ್ಯಾರವಾನ್ ಎಳೆದುಕೊಂಡು ಬಂದವರು ಬರಬೇಡಿ ಅಂತ.

ಹಾಗಾಗಿ ಮೊದಲ ಖರ್ಚು ಮರಕ್ಕಲ್ಲ. ಮುಂದಿನ ಎರಡು ಡಿಸ್ಕು, ಪ್ಯಾಡು, ಬ್ರೇಕ್ ಆಯಿಲ್ ಎಲ್ಲ ಹೊಸದು. ಎರಡನೇ ತೀರ್ಮಾನ, ಗಾಡಿ ಹಗುರ ಇರಬೇಕು. ಸ್ನಾನದ ಮನೆ ಇಲ್ಲ, ಓವನ್ ಇಲ್ಲ, ನೂರು ಲೀಟರ್ ನೀರಿನ ಟ್ಯಾಂಕ್ ಇಲ್ಲ. ಇಪ್ಪತ್ತು ಲೀಟರಿನ ಎರಡು ಕ್ಯಾನ್, ಅಷ್ಟೇ.

ಡಿಸೆಂಬರ್

ಚಳಿಗೆ ಹೊದಿಕೆ ಹಾಕುವ ಕೆಲಸ. ತಗಡಿನ ಡಬ್ಬಿಯೊಳಗೆ ಇಬ್ಬರು ಮಲಗಿ ರಾತ್ರಿಯೆಲ್ಲ ಉಸಿರು ಬಿಟ್ಟರೆ ಆ ತೇವ ಎಲ್ಲಿಗೆ ಹೋಗಬೇಕು? ತಣ್ಣಗಿನ ತಗಡಿಗೆ ತಾಗಿ ನೀರಾಗುತ್ತದೆ. ಆಮೇಲೆ ಒಳಗಿಂದಲೇ ತುಕ್ಕು. ಅದಕ್ಕೆ ನೀರು ಹೀರದ ರಬ್ಬರಿನಂಥ ಫೋಮ್ ಹಾಳೆ ತಂದು ಅಂಟಿಸಿದೆ. ಹಿಂದೆಯೇ ಅಂಟು ಇರುತ್ತದೆ. ಆದರೆ ಐದು ಡಿಗ್ರಿ ಚಳಿಯಲ್ಲಿ ಆ ಅಂಟು ಹಿಡಿಯಲ್ಲ. ಮೊದಲ ದಿನ ಅಂಟಿಸಿದ್ದೆಲ್ಲ ಬೆಳಿಗ್ಗೆ ನೆಲದ ಮೇಲೆ ಬಿದ್ದಿತ್ತು. ಮಾರನೇ ದಿನ ಹೆಂಡತಿಯ ಹೇರ್ ಡ್ರೈಯರ್ ತಂದು ತಗಡನ್ನು ಬಿಸಿ ಮಾಡುತ್ತಾ ಒಂದೊಂದೇ ಹಾಳೆ ಒತ್ತಿದೆ. ಈಗ ಗಟ್ಟಿಯಾಗಿದೆ. ಹೇರ್ ಡ್ರೈಯರ್‌ನಲ್ಲಿ ಮಾತ್ರ ಇನ್ನೂ ರಬ್ಬರ್ ವಾಸನೆ ಇದೆಯಂತೆ.

ಚೌಕಟ್ಟಿನ ಪಟ್ಟಿಗಳ ಮೇಲೆ ಫೋಮ್ ಹಾಕಲಿಲ್ಲ. "ಅಷ್ಟು ಸಣ್ಣ ಜಾಗ, ಏನಾಗುತ್ತೆ ಬಿಡು" ಅಂದುಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ.

ಚಾವಣಿಗೆ ಫ್ಯಾನ್ ಕೂರಿಸಲು 40 ಸೆಂ.ಮೀ. ಚೌಕದ ತೂತು ಕೊರೆಯಬೇಕು. ದುಡ್ಡು ಕೊಟ್ಟು ತಂದ ಗಾಡಿಯ ತಲೆ ಮೇಲೆ ಜಿಗ್‌ಸಾ ಇಡುವಾಗ ಕೈ ನಡುಗಿತು. ಕೊರೆದ ಅಂಚಿನ ಹೊಳೆಯುವ ತಗಡಿಗೆ ಅವತ್ತೇ ತುಕ್ಕು ತಡೆಯುವ ಪ್ರೈಮರ್ ಬಳಿಯಬೇಕು. ನಾಳೆ ಅನ್ನಬಾರದು. ಸೀಲಂಟ್ ಧಾರಾಳವಾಗಿ ಹಾಕಿ, ಸ್ಕ್ರೂ ಬಿಗಿ ಮಾಡಿ, ಎರಡು ದಿನ ಮಳೆಯಲ್ಲಿ ನಿಲ್ಲಿಸಿದೆ. ಸೋರಲಿಲ್ಲ.

ಜನವರಿ

ಕರೆಂಟಿನ ಲೆಕ್ಕ. ದಿನಕ್ಕೆ ಫ್ರಿಜ್‌ಗೆ ಸುಮಾರು 400 ವ್ಯಾಟ್ ಅವರ್, ಹೀಟರ್‌ನ ಫ್ಯಾನಿಗೆ 200, ಫೋನು, ಲ್ಯಾಪ್‌ಟಾಪ್, ದೀಪ ಸೇರಿ ಇನ್ನೊಂದು 200. ಒಟ್ಟು 800. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12.8 ವೋಲ್ಟ್, 100 ಆಂಪಿಯರ್ ಅವರ್ ತಂದೆ. ಗುಣಿಸಿದರೆ 1280. ಗಾಡಿ ಓಡಿಸದೆ ಒಂದೂವರೆ ದಿನ ನಿಲ್ಲಬಹುದು.

ತುಂಬಿಸುವುದು ಹೇಗೆ? ಚಾವಣಿ ಮೇಲೆ 175 ವ್ಯಾಟಿನ ಸೋಲಾರ್ ಇದೆ. ಉತ್ತರ ಕರಾವಳಿಯ ಡರ್ನೆಸ್ ಕಡೆ ಮೇ ಕೊನೆಗೆ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಹಾಗಾದರೆ ಸೋಲಾರೇ ಸಾಕಲ್ವಾ ಅಂತ ಮೊದಲು ಅನ್ನಿಸಿತ್ತು. ಆದರೆ ಬೆಳಕು ಬೇರೆ, ಬಿಸಿಲು ಬೇರೆ. ಮೋಡ ಕವಿದ ಒಂದು ದಿನ ಮನೆ ಮುಂದೆ ಇಟ್ಟು ಅಳೆದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಂದಿದ್ದು ಬರೀ 90 ವ್ಯಾಟ್ ಅವರ್. ಜನವರಿಯ ದಿನ ಗಿಡ್ಡ, ನಿಜ. ಆದರೂ ಸ್ಕಾಟ್ಲೆಂಡಿನ ಮೋಡವನ್ನು ನಂಬಿ ಫ್ರಿಜ್ ಇಡೋಕೆ ಆಗಲ್ಲ.

ಅದಕ್ಕೆ ಇಂಜಿನ್‌ನಿಂದಲೇ ತುಂಬಿಸುವ ಏರ್ಪಾಡು. ಹಳೇ ಗಾಡಿಯಾಗಿದ್ದರೆ ಒಂದು ರಿಲೇ ಹಾಕಿ ಎರಡು ಬ್ಯಾಟರಿ ಸೇರಿಸಿಬಿಡಬಹುದಿತ್ತು. ಈಗಿನ ಗಾಡಿಗಳಲ್ಲಿ ಆಲ್ಟರ್ನೇಟರ್, ಅಂದರೆ ಇಂಜಿನ್ ತಿರುಗುವಾಗ ಕರೆಂಟ್ ಮಾಡುವ ಯಂತ್ರ, ಬುದ್ಧಿವಂತ. ಗಾಡಿಯ ಬ್ಯಾಟರಿ ತುಂಬಿತು ಅನ್ನಿಸಿದ ಕೂಡಲೇ ವೋಲ್ಟೇಜ್ ಇಳಿಸಿಬಿಡುತ್ತದೆ, ಡೀಸೆಲ್ ಉಳಿಸೋಕೆ. ಹಾಗಾಗಿ ನಡುವೆ ವೋಲ್ಟೇಜ್ ಸರಿಮಾಡಿ ಕೊಡುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಬೇಕು. ಗಂಟೆಗೆ ಹತ್ತಿರ ಹತ್ತಿರ 400 ವ್ಯಾಟ್ ಅವರ್ ಸಿಗುತ್ತದೆ. ಆ ದಾರಿಯಲ್ಲಿ ದಿನಕ್ಕೆ ಎರಡು ಮೂರು ಗಂಟೆಯಾದರೂ ಓಡಿಸಲೇಬೇಕು. ಲೆಕ್ಕ ಕೂತಿತು.

ಇನ್ನೊಂದು ವಿಷಯ. ಈ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಅದರೊಳಗಿನ ಸರ್ಕ್ಯೂಟೇ ತಡೆಯುತ್ತದೆ. ಅದಕ್ಕೆ ಗಾಡಿ ಕೆಳಗೆ ನೇತುಹಾಕದೆ ಒಳಗೆ, ಡ್ರೈವರ್ ಸೀಟಿನ ಹಿಂದೆ ಪೆಟ್ಟಿಗೆ ಮಾಡಿ ಇಟ್ಟೆ. ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ದೊಡ್ಡ ಫ್ಯೂಸು. ಫ್ಯೂಸ್ ಇರುವುದು ವೈರ್ ಸುಡದಿರಲಿ ಅಂತ. ದೂರ ಹಾಕಿದರೆ ನಡುವಿನ ವೈರನ್ನು ಕಾಯುವವರು ಯಾರು?

ಫೆಬ್ರವರಿ

ಇಡೀ ತಿಂಗಳು ಹೀಟರ್ ತಿಂದುಹಾಕಿತು.

ಎರಡು ಕಿಲೋವ್ಯಾಟಿನ ಡೀಸೆಲ್ ಹೀಟರ್. ಗಾಡಿಯ ಟ್ಯಾಂಕಿನಿಂದಲೇ ಎಣ್ಣೆ ಎಳೆದುಕೊಳ್ಳುತ್ತದೆ. ಒಂದು ಸಣ್ಣ ಪಂಪು ಟಿಕ್ ಟಿಕ್ ಅಂತ ಹನಿ ಹನಿಯಾಗಿ ಕಳಿಸುತ್ತದೆ. ಉರಿಯುವ ಗಾಳಿ ಹೊರಗಿನಿಂದ ಬಂದು ಹೊರಗೇ ಹೋಗುತ್ತದೆ, ಒಳಗೆ ಬರೀ ಬಿಸಿ ಗಾಳಿ. ಹೊಗೆ ಕೊಳವೆಯ ಬಾಯಿ ಬಾಗಿಲಿನ ಕೆಳಗೆ ಬರದ ಹಾಗೆ ನೋಡಿಕೊಂಡೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಹೀಟರ್‌ಗಿಂತ ಮೊದಲೇ ತಂದೆ. ಆ ಅನಿಲಕ್ಕೆ ವಾಸನೆ ಇಲ್ಲ, ಮಲಗಿದವರಿಗೆ ಗೊತ್ತೇ ಆಗಲ್ಲ.

ಜೋಡಿಸಿ ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಪಂಪ್ ನಾಲ್ಕು ಸಲ ಟಿಕ್ ಅಂದಿತು, ನಿಂತಿತು. ಪರದೆಯ ಮೇಲೆ ಕಮ್ಮಿ ವೋಲ್ಟೇಜ್ ಅನ್ನುವ ಕೋಡ್. ಬ್ಯಾಟರಿಗೆ ಮೀಟರ್ ಹಿಡಿದರೆ 13.1. ಎಲ್ಲಿದೆ ಕಮ್ಮಿ?

ಮೂರು ದಿನ ತಪ್ಪು ಜಾಗದಲ್ಲಿ ಹುಡುಕಿದೆ. ಎಣ್ಣೆ ಪೈಪಿನಲ್ಲಿ ಗಾಳಿ ಇರಬಹುದು ಅಂತ ಬಿಚ್ಚಿ ಮತ್ತೆ ಹಾಕಿದೆ. ಎಣ್ಣೆ ಹೊತ್ತಿಸುವ ಗ್ಲೋ ಪ್ಲಗ್ ಹೋಗಿರಬೇಕು ಅಂತ ಹೊಸದು ತರಿಸಿದೆ. ಹದಿನೈದು ಪೌಂಡ್ ಹೋಯಿತು. ಹಳೆಯದೂ ಚೆನ್ನಾಗಿಯೇ ಇತ್ತು.

ಶನಿವಾರ ಸಂಜೆ ನಾಲ್ಕು ಗಂಟೆಗೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ರಾತ್ರಿ ಒಂಬತ್ತೂವರೆ. ತೋಟಕ್ಕೆ ತ್ರೀ ಫೇಸ್ ಕರೆಂಟ್ ಬರುವುದನ್ನು ಕಾಯುತ್ತಾ ಅಪ್ಪ ಜಗಲಿಯಲ್ಲಿ ಕೂತಿದ್ದರು. ನಲವತ್ತು ವರ್ಷದಿಂದ ತೆಂಗಿನ ತೋಟದ ಪಂಪ್‌ಸೆಟ್ ಜೊತೆ ಗುದ್ದಾಡಿದವರು.

"ವೋಲ್ಟೇಜ್ ಎಷ್ಟೈತೆ?"

"ಹದಿಮೂರು ಇದೆ ಅಪ್ಪ, ಸರಿಯಾಗಿದೆ."

"ಎಲ್ಲಿ ಹಿಡಿದೆ ಮೀಟ್ರು? ಬ್ಯಾಟ್ರಿ ತಾವ?"

"ಹೂಂ."

"ಬ್ಯಾಟ್ರಿ ತಾವ ಇದ್ದೇ ಇರ್ತೈತೆ ಕಣಪ್ಪ. ಟೀಸಿ (ಟ್ರಾನ್ಸ್‌ಫಾರ್ಮರ್) ತಾವ ವೋಲ್ಟೇಜ್ ಇದ್ರೆ ನಮ್ಮ ಬೋರು ಏಳ್ತೈತಾ? ಹೀಟ್ರು ತಾವ ಹಿಡಿ. ಅದು ಎಳೀತಿರಬೇಕಾದ್ರೆ ಹಿಡಿ. ಸುಮ್ನೆ ಇದ್ದಾಗ ಅಲ್ಲ."

ಅಷ್ಟು ಹೇಳಿ ಫೋನ್ ಅಮ್ಮನಿಗೆ ಕೊಟ್ಟರು.

ಮೀಟರನ್ನು ಹೀಟರ್‌ನ ತುದಿಗೆ ಹಿಡಿದು ಸ್ವಿಚ್ ಒತ್ತಿದೆ. 13.1 ಇದ್ದದ್ದು ಗ್ಲೋ ಪ್ಲಗ್ ಬಿಸಿಯಾಗುವಾಗ 10.4ಕ್ಕೆ ಬಿತ್ತು. ಹತ್ತು ಆಂಪಿಯರ್ ಎಳೆಯುವ ಹೊತ್ತು ಅದು. 2.7 ವೋಲ್ಟ್ ದಾರಿಯಲ್ಲೇ ಸೋರಿಹೋಗಿದೆ.

ಎಲ್ಲಿ ಅಂತ ಹಿಡಿಯುವ ಉಪಾಯ ಸುಲಭ, ಆಮೇಲೆ ಹೊಳೆಯಿತು. ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಹೀಟರ್ ಪ್ಲಸ್‌ಗೆ. ಹೀಟರ್ ಎಳೆಯುತ್ತಿರುವಾಗ ಅಲ್ಲಿ ಏನು ಕಾಣುತ್ತದೋ ಅದು ಆ ವೈರಿನಲ್ಲಿ ಕಳೆದುಹೋದ ವೋಲ್ಟೇಜು. 1.1 ಬಂತು. ಹಾಗೆಯೇ ಮೈನಸ್ ಕಡೆ 1.6. ಲೆಕ್ಕ ಸರಿಹೋಯಿತು, ತಪ್ಪು ಎರಡೂ ಕಡೆ ಇತ್ತು.

ಪ್ಲಸ್ ಕಡೆಯದು ನನ್ನ ಜಿಪುಣತನ. ಮನೆಯ ದೀಪಕ್ಕೆ ಹಾಕಿ ಉಳಿದ 1.5 ಚದರ ಮಿ.ಮೀ. ವೈರನ್ನು ಗೋಡೆ ಸುತ್ತಿಸಿ ಐದು ಮೀಟರ್ ಎಳೆದಿದ್ದೆ. ತಾಮ್ರದ ರೋಧ ತೆಗೆದುಕೊಂಡು ಲೆಕ್ಕ ಹಾಕಿದರೆ ಹತ್ತು ಆಂಪಿಯರ್‌ಗೆ ಆ ವೈರೊಂದೇ ಸುಮಾರು 0.6 ವೋಲ್ಟ್ ತಿನ್ನುತ್ತದೆ. ಮನೆಯ 230 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ಗೊತ್ತಾಗಲ್ಲ. ಹನ್ನೆರಡು ವೋಲ್ಟಿನಲ್ಲಿ ಅದು ದೊಡ್ಡ ಕಳ್ಳತನ. ಮಿಕ್ಕ ಅರ್ಧ ವೋಲ್ಟ್ ಫ್ಯೂಸ್ ಹತ್ತಿರದ ಲಗ್‌ನಲ್ಲಿ, ಅಂದರೆ ವೈರಿನ ತುದಿಗೆ ಒತ್ತುವ ಲೋಹದ ಬಳೆಯಲ್ಲಿತ್ತು. ಇಕ್ಕಳದಲ್ಲಿ ಅಮುಕಿದ್ದೆ, ಎಳೆದರೆ ಕೈಗೇ ಬಂತು. ಮನೆ ವೈರಿನೊಳಗೆ ಒಂದೇ ದಪ್ಪ ಕಂಬಿ ಇರುತ್ತದೆ ಬೇರೆ. ಓಡುವ ಗಾಡಿಯ ಅದುರಿಗೆ ಅದು ಇಂದಲ್ಲ ನಾಳೆ ಮುರಿಯುತ್ತಿತ್ತು. ಗಾಡಿಗೆ ಎಳೆ ಎಳೆಯಾಗಿರುವ ವೈರೇ ಬೇಕು.

ಮೈನಸ್ ಕಡೆ ಇನ್ನೂ ಮುಜುಗರ. ಗಾಡಿಯ ತಗಡಿಗೇ ಬೋಲ್ಟ್ ಹಾಕಿ ಅರ್ತ್ ಕೊಟ್ಟಿದ್ದೆ. ಬಿಚ್ಚಿ ನೋಡಿದರೆ ಲಗ್‌ನ ಕೆಳಗೆ ಬಣ್ಣ ಹಾಗೇ ಇದೆ. ಬಿಳಿ ಬಣ್ಣದ ಮೇಲೆ ಬೋಲ್ಟ್ ಬಿಗಿದು ಕರೆಂಟ್ ಹರಿ ಅಂದರೆ ಹೇಗೆ ಹರಿದೀತು? ಬೋಲ್ಟಿನ ತಿರುಪಿನ ಉದ್ದಕ್ಕೆ ಸ್ವಲ್ಪ ತಾಗಿಕೊಂಡು ಹೇಗೋ ನಡೆಯುತ್ತಿತ್ತು.

ಎಲ್ಲ ಕಿತ್ತು 6 ಚದರ ಮಿ.ಮೀ. ವೈರ್ ಎಳೆದೆ. ಮೈನಸ್ಸನ್ನೂ ಗಾಡಿಯ ತಗಡಿಗೆ ಕೊಡದೆ ನೇರ ಬ್ಯಾಟರಿಗೆ ತಂದೆ. ಲಗ್ ಒತ್ತಲು ಸರಿಯಾದ ಕ್ರಿಂಪಿಂಗ್ ಟೂಲ್ ಕೊಂಡೆ. ಪ್ರತಿ ಲಗ್ಗನ್ನೂ ಕೈಲಿ ಜೋರಾಗಿ ಎಳೆದು ನೋಡಿದೆ. ಡಿಸಿ-ಡಿಸಿ ಚಾರ್ಜರ್‌ನ ಅರ್ತ್ ಮಾತ್ರ ಗಾಡಿಯ ತಗಡಿಗೇ ಇದೆ. ಅಲ್ಲಿ ಉಪ್ಪುಕಾಗದ ಹಾಕಿ ತಗಡು ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಹೀಟರ್ ತುದಿಯಲ್ಲಿ ಈಗ 12.7. ಮೂರು ನಿಮಿಷಕ್ಕೆ ಬಿಸಿ ಗಾಳಿ ಬಂತು. ಅಪ್ಪನಿಗೆ ಮೀಟರಿನ ಫೋಟೋ ಕಳಿಸಿದೆ. ಬೆಳಿಗ್ಗೆ ಒಂದು ಹೆಬ್ಬೆಟ್ಟಿನ ಗುರುತು ಬಂದಿತ್ತು, ಅದರ ಕೆಳಗೆ ತೋಟದ ಹೊಸ ಸ್ಟಾರ್ಟರ್ ಫೋಟೋ.

ಮಾರ್ಚ್

ಮತ್ತೆ ನಕ್ಷೆಗೆ ಬಂದೆವು. ಒಂಬತ್ತು ರಾತ್ರಿ ಅಂತ ಇಟ್ಟುಕೊಂಡಿದ್ದೇವೆ. ಐದು ದಿನದಲ್ಲಿ ಮುಗಿಸುವವರಿದ್ದಾರೆ. ಅವರು ಏನು ನೋಡುತ್ತಾರೋ ಗೊತ್ತಿಲ್ಲ. ಒಂಟಿ ರಸ್ತೆಯಲ್ಲಿ ಗಂಟೆಗೆ ನಲವತ್ತು ಕಿ.ಮೀ. ಹೋದರೆ ಹೆಚ್ಚು. ಅಲ್ಲಲ್ಲಿ ಪಕ್ಕಕ್ಕೆ ಸರಿಯಲು ಜಾಗ ಬಿಟ್ಟಿರುತ್ತಾರೆ. ಅದು ಎಡಕ್ಕಿದ್ದರೆ ಒಳಗೆ ಹೋಗಬೇಕು, ಬಲಕ್ಕಿದ್ದರೆ ಅದರ ಎದುರಿಗೆ ನಿಲ್ಲಬೇಕು. ಹತ್ತುವ ಗಾಡಿಗೆ ದಾರಿ ಬಿಡಬೇಕು, ನಮ್ಮ ಘಾಟಿಯ ಹಾಗೇ. ಹಿಂದೆ ಸ್ಥಳೀಯರು ಬಂದರೆ ಅವರನ್ನೂ ಮುಂದೆ ಬಿಡಬೇಕು. ಅವರು ರಜೆಗೆ ಬಂದಿಲ್ಲ, ಕೆಲಸಕ್ಕೆ ಹೊರಟಿರುತ್ತಾರೆ. ಆ ಜಾಗದಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವುದು, ಟೀ ಕಾಯಿಸುವುದು ಸಲ್ಲದು.

ರಾತ್ರಿ ಎಲ್ಲಿ ನಿಲ್ಲುವುದು? ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ಮಲಗಬಹುದು ಅಂತ ಗೆಳೆಯರೆಲ್ಲ ಹೇಳಿದರು. ಅರ್ಧ ಸತ್ಯ. 2003ರ ಭೂ ಸುಧಾರಣಾ ಕಾಯ್ದೆ ಆ ಹಕ್ಕು ಕೊಟ್ಟಿರುವುದು ನಡೆದು ಬಂದು ಟೆಂಟ್ ಹಾಕುವಂಥವರಿಗೆ. ಮೋಟಾರು ಗಾಡಿಗೆ ಆ ಹಕ್ಕಿಲ್ಲ. ಹಾಗಾಗಿ ಡರ್ನೆಸ್, ಅಲ್ಲಾಪೂಲ್, ಆಪಲ್‌ಕ್ರಾಸ್ ಕಡೆ ಕ್ಯಾಂಪ್‌ಸೈಟ್‌ನಲ್ಲೇ ಜಾಗ ಹಿಡಿದೆವು. ಟಾಯ್ಲೆಟ್ ಡಬ್ಬಿ ಖಾಲಿ ಮಾಡಲೂ ಅಲ್ಲಿಗೇ ಹೋಗಬೇಕಲ್ಲ.

ಇನ್ವರ್ನೆಸ್‌ನಿಂದ ಪೂರ್ವಕ್ಕೆ ಹೊರಟು ಎಡಸುತ್ತು ಹೋಗುವ ಯೋಚನೆ. ಮೊದಲು ಜಾನ್ ಓ ಗ್ರೋಟ್ಸ್, ಆಮೇಲೆ ಬ್ರಿಟನ್ ಮುಖ್ಯಭೂಮಿಯ ಉತ್ತರದ ತುದಿ ಡನೆಟ್ ಹೆಡ್. ತುದಿ ಅಂತ ಜಾನ್ ಓ ಗ್ರೋಟ್ಸ್‌ನಲ್ಲಿ ಫೋಟೋ ತೆಗೆಸಿಕೊಂಡು ವಾಪಸ್ ಬರುವವರೇ ಜಾಸ್ತಿ. ಡರ್ನೆಸ್ ದಾಟಿ ದಕ್ಷಿಣಕ್ಕೆ ತಿರುಗಿದರೆ ಅಸಿಂಟ್ ಸೀಮೆ. ನಾನು ಕಾಯುತ್ತಿರುವುದು ಅದಕ್ಕೇ. ಅಲ್ಲಿಯ ಬೂದು ಬಂಡೆಗೆ ಲ್ಯೂಯಿಸಿಯನ್ ನೈಸ್ ಅನ್ನುತ್ತಾರೆ. ನೈಸ್ (gneiss) ಅಂದರೆ ಒತ್ತಡ, ಶಾಖಕ್ಕೆ ರೂಪ ಬದಲಾದ ಪಟ್ಟೆ ಪಟ್ಟೆ ಕಲ್ಲು. ಹಳೆಯ ಭಾಗಗಳಿಗೆ ಸುಮಾರು 300 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯೂ ನೈಸ್, ಅದಕ್ಕೂ ಹತ್ತಿರ ಹತ್ತಿರ ಅಷ್ಟೇ ವಯಸ್ಸು. ಕಾಲೇಜಿನ ದಿನಗಳಲ್ಲಿ ಆ ಬಂಡೆ ಮೇಲೆ ಕೂತು ಕಡಲೆಕಾಯಿ ತಿಂದವನು ನಾನು. ಅಸಿಂಟ್‌ನಲ್ಲೂ ತಿನ್ನಬೇಕು, ಹುರಿದ ಕಡಲೆಕಾಯಿ ಪಟ್ಟಿಯಲ್ಲಿ ಬರೆದಾಗಿದೆ.

ಬ್ಯಾಲಖ್ ನ ಬಾ ಎಂಟನೇ ದಿನಕ್ಕೆ ಬರುತ್ತದೆ. ನಾವು ಶೀಲ್ಡೇಗ್ ಕಡೆಯಿಂದ ಕರಾವಳಿ ರಸ್ತೆಯಲ್ಲಿ ಆಪಲ್‌ಕ್ರಾಸ್ ಸೇರಿ, ಘಟ್ಟ ಹತ್ತಿ ಆ ಕಡೆ ಇಳಿಯಬೇಕು. ಕಡಿದಾದ ತಿರುವುಗಳೆಲ್ಲ ಇಳಿಯುವ ಕಡೆಗೇ ಇವೆ. ಗಾಡಿ ತೂಗಿಸಿದೆ. ಇಬ್ಬರೂ ಕೂತು, ನೀರು, ಡೀಸೆಲ್ ತುಂಬಿ 2,310 ಕೆ.ಜಿ. ಮಿತಿ ಇರುವುದು 2,900. ಎರಡನೇ ಗೇರಿನಲ್ಲಿ ಇಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಕಿಲ್ಲ. ಮಂಜು ಕವಿದಿದ್ದರೆ ಬಂದ ಕರಾವಳಿ ದಾರಿಯಲ್ಲೇ ವಾಪಸ್. ಅದನ್ನು ಈಗಲೇ ಮಾತಾಡಿಕೊಂಡಿದ್ದೇವೆ, ಅಲ್ಲಿ ಹೋಗಿ ಜಗಳ ಬೇಡ ಅಂತ.

ಏಪ್ರಿಲ್

ಪರೀಕ್ಷೆಗೆ ಒಂದು ರಾತ್ರಿ ಕೀಲ್ಡರ್ ಕಾಡಿನ ಹತ್ತಿರದ ಕ್ಯಾಂಪ್‌ಸೈಟ್‌ಗೆ ಹೋದೆವು. ಹೊರಗೆ ಒಂದು ಡಿಗ್ರಿ, ಒಳಗೆ ಹದಿನೆಂಟು. ಹೀಟರ್ ರಾತ್ರಿಯಿಡೀ ಟಿಕ್ ಟಿಕ್ ಅಂತ ಓಡಿತು. ಕುಕ್ಕರ್ ಮೂರು ಸಲ ಕೂಗಿದಾಗ ಪಕ್ಕದ ಟೆಂಟಿನವರು ಎದ್ದು ಹೊರಗೆ ಬಂದು ನೋಡಿದರು. ಹುಳಿಯನ್ನ ಒಂದು ಬಟ್ಟಲು ಕೊಟ್ಟ ಮೇಲೆ ಸಮಾಧಾನವಾಯಿತು.

ಬೆಳಗಿನ ಜಾವ ನಾಲ್ಕಕ್ಕೆ ಹೆಂಡತಿ ಎದ್ದು ಕೂತಳು. "ರೀ, ಮೇಲಿಂದ ತೀರ್ಥ ಬೀಳ್ತಿದೆ" ಅಂದಳು. ಫ್ಯಾನ್ ಸೋರುತ್ತಿದೆ ಅಂತ ಟಾರ್ಚ್ ಹಿಡಿದೆ. ಫ್ಯಾನ್ ಒಣಗಿತ್ತು. ಡಿಸೆಂಬರ್‌ನಲ್ಲಿ "ಏನಾಗುತ್ತೆ ಬಿಡು" ಅಂದಿದ್ದ ಆ ಪಟ್ಟಿ, ಸರಿಯಾಗಿ ಅವಳ ಹಣೆಯ ಮೇಲೆ. ನಮ್ಮಿಬ್ಬರ ಉಸಿರೆಲ್ಲ ಹನಿಯಾಗಿ ಸಾಲಾಗಿ ನೇತಾಡುತ್ತಿತ್ತು. ಅದರ ಮೇಲೆ ನಾವು ಕಿಟಕಿ, ಫ್ಯಾನ್ ಎರಡನ್ನೂ ಮುಚ್ಚಿ ಅನ್ನ ಬೇಯಿಸಿದ್ದೆವು.

ಬೆಳಿಗ್ಗೆ ಡಿಕಾಕ್ಷನ್‌ಗೆ ನೀರು ಕಾಯಿಸಲು ಒಲೆ ಹೊರಗಿಟ್ಟರೆ ಉರಿಯೇ ಇಲ್ಲ. ಸಿಲಿಂಡರ್ ಹೊಸದು, ಅಲ್ಲಾಡಿಸಿದರೆ ಒಳಗೆ ತುಂಬಿದೆ. ಅದು ಬ್ಯೂಟೇನ್. ಸೊನ್ನೆ ಡಿಗ್ರಿಯ ಹತ್ತಿರ ಬ್ಯೂಟೇನ್ ಅನಿಲವಾಗುವುದೇ ಇಲ್ಲ, ಡಬ್ಬಿಯಲ್ಲಿ ನೀರಿನ ಹಾಗೆ ಕೂತಿರುತ್ತದೆ. ಹತ್ತು ನಿಮಿಷ ಕಂಬಳಿಯೊಳಗೆ ಮಗು ಹಾಗೆ ಅಪ್ಪಿಕೊಂಡು ಕೂತೆ. ಆಮೇಲೆ ಹತ್ತಿತು. ಪ್ರೊಪೇನ್ ಬೆರೆಸಿದ ಸಿಲಿಂಡರ್ ತರಬೇಕು, ಅದು ಇಂಥ ಚಳಿಯಲ್ಲೂ ಬರುತ್ತದೆ.

ವಾಪಸ್ ಬಂದ ವಾರ ಪಟ್ಟಿಗಳಿಗೆಲ್ಲ ಫೋಮ್ ಹಾಕಿದೆ. ಹೇರ್ ಡ್ರೈಯರ್ ಈ ಸಲ ನನ್ನದೇ, ಹಳೆಯದನ್ನು ನನಗೆ ಕೊಟ್ಟು ಅವಳು ಹೊಸದು ತಂದಳು. ಚಾವಣಿಯ ಫ್ಯಾನನ್ನು ರಾತ್ರಿ ಒಂದು ಬೆರಳಗಲ ತೆರೆದಿಡಬೇಕು ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದೇವೆ.

ಉಳಿದಿರುವುದು ನುಸಿ ಪರದೆ. ಮೇ ಕೊನೆಯಿಂದ ಅಲ್ಲಿ ಮಿಜ್ ಅನ್ನುವ ನುಸಿ ಏಳುತ್ತದೆ. ಗಾಳಿ ಬೀಸುತ್ತಿದ್ದರೆ ಹಾರಲ್ಲ, ಗಾಳಿ ನಿಂತರೆ ಮೋಡದ ಹಾಗೆ ಮುತ್ತಿಕೊಳ್ಳುತ್ತದೆ. ನಾನು ಊರಿಂದ ತಂದ ಸೊಳ್ಳೆ ಪರದೆಯ ಕಣ್ಣು ಅದಕ್ಕೆ ದೊಡ್ಡದು, ಸಲೀಸಾಗಿ ತೂರಿ ಬರುತ್ತದಂತೆ. ಸಣ್ಣ ಕಣ್ಣಿನ ಬಲೆ ಮೂರು ಮೀಟರ್ ತರಿಸಿದೆ. ಜಾರುವ ಬಾಗಿಲಿಗೆ ಅದನ್ನು ನೇತುಹಾಕಲು ಕಂಬಿ ಹುಡುಕುತ್ತಿದ್ದಾಗ ಪ್ಲಂಬರನ ತಾಮ್ರದ ಪೈಪ್ ನೆನಪಾಯಿತು. ಗ್ಯಾರೇಜಿನ ಮೂಲೆಯಲ್ಲಿತ್ತು. ಎರಡು ಇಂಚು ಕತ್ತರಿಸಿದರೆ ಅಳತೆಗೆ ಸರಿಯಾಗಿ ಕೂತಿತು. ಬಲೆಯ ಅಂಚು ಹೊಲಿಯುವುದು ಇನ್ನೂ ಬಾಕಿ ಇದೆ.